ಇಸಿಜಿ ಸರಿ ಇದ್ದ ಮಾತ್ರಕ್ಕೆ ಕ್ಲಾಟ್ ಇಲ್ಲ ಅಂತಲ್ಲ

ಹೃದಯದೊಳಗೆ ರಕ್ತ ಹೆಪ್ಪುಗಟ್ಟುವುದು ಅಂದ ಕೂಡಲೇ ನಾವು ನೋಡುವುದು ಬಡಿತದ ಲಯ. ಲಯ ತಪ್ಪಿದ್ದರೆ ಭಯ, ಸರಿ ಇದ್ದರೆ ನಿರಾಳ. ಅಮೈಲಾಯ್ಡೋಸಿಸ್ ಇರುವವರಲ್ಲಿ ಈ ಲೆಕ್ಕ ನಡೆಯುವುದಿಲ್ಲ.

ಈ ಕಾಯಿಲೆಯಲ್ಲಿ ತಪ್ಪಾಗಿ ಮಡಚಿಕೊಂಡ ಪ್ರೋಟೀನ್ ಹೃದಯದ ಗೋಡೆಯಲ್ಲಿ ಸೇರಿಕೊಳ್ಳುತ್ತಾ ಹೋಗುತ್ತದೆ. ಕೆಳಗಿನ ಕೋಣೆಗಳ ಗೋಡೆ ದಪ್ಪ ಆಗಿದ್ದು ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಬೇಗ ಕಣ್ಣಿಗೆ ಬೀಳುತ್ತದೆ, ಆದರೆ ಮೇಲಿನ ಕೋಣೆಗಳಲ್ಲೂ ಅದೇ ಪ್ರೋಟೀನ್ ಕೂತಿರುತ್ತದಲ್ವಾ, ಅದು ಸುಲಭವಾಗಿ ಕಾಣುವುದಿಲ್ಲ. ಇಸಿಜಿಯಲ್ಲಿ ಪಿ ಅಲೆ, ಅಂದರೆ ಮೇಲಿನ ಕೋಣೆಗಳ ವಿದ್ಯುತ್ ಸಂಕೇತ, ಚೆನ್ನಾಗಿಯೇ ಬರುತ್ತದೆ. ಕೋಣೆ ಮಾತ್ರ ಸರಿಯಾಗಿ ಹಿಂಡುವುದಿಲ್ಲ. ರಕ್ತ ಅಲ್ಲೇ ನಿಲ್ಲುತ್ತದೆ.

ಅಮೆರಿಕದ ಮೇಯೊ ಕ್ಲಿನಿಕ್‌ನವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಕಾಯಿಲೆಯಿದ್ದು ತೀರಿಕೊಂಡ ಇಲ್ಲವೇ ಹೃದಯ ಕಸಿ ಮಾಡಿಸಿಕೊಂಡ ಒಟ್ಟು 116 ಜನರ ಮೂಲ ಹೃದಯ ಪರೀಕ್ಷಿಸಿದಾಗ 38 ಹೃದಯಗಳಲ್ಲಿ ಕ್ಲಾಟ್ ಸಿಕ್ಕಿತ್ತು. ಎಎಲ್ ಬಗೆಯಲ್ಲಿ (ಪ್ರತಿಕಾಯದ ತುಣುಕುಗಳೇ ಹೃದಯದಲ್ಲಿ ಸೇರಿಕೊಳ್ಳುವ ಬಗೆ) ಇನ್ನೂ ಜಾಸ್ತಿ, ಅರ್ಧದಷ್ಟು ಜನರಲ್ಲಿ.

ಎದೆ ಮೇಲಿಂದ ಮಾಡುವ ಎಕೋ ಇದಕ್ಕೆ ಸಾಲದು. ಕ್ಲಾಟ್ ಹೆಚ್ಚಾಗಿ ಅಡಗಿ ಕೂರುವುದು ಎಡ ಮೇಲಿನ ಕೋಣೆಗೆ ಅಂಟಿಕೊಂಡ ಪುಟ್ಟ ಚೀಲದಲ್ಲಿ. ಅದು ಎದೆ ಕಡೆಯಿಂದ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಟಿಇಇ, ಅಂದರೆ ಅನ್ನನಾಳದ ಒಳಗಿಂದ ಮಾಡುವ ಎಕೋ, ಬೇಕು: ಖಾಲಿ ಹೊಟ್ಟೆಯಲ್ಲಿ, ಗಂಟಲಿಗೆ ಮರಗಟ್ಟುವ ಸ್ಪ್ರೇ ಹೊಡೆದು, ಎಡ ಮಗ್ಗುಲಿಗೆ ಮಲಗಿಸಿ ಅನ್ನನಾಳದೊಳಗೆ ಪ್ರೋಬ್ ಇಳಿಸುತ್ತಾರೆ. ಅನ್ನನಾಳ ಆ ಕೋಣೆಯ ಬೆನ್ನಿಗೇ ಇರುವುದರಿಂದ ಚಿತ್ರ ಸ್ಪಷ್ಟ. ಕ್ಲಾಟ್ ಆಗುವ ಮೊದಲೇ ರಕ್ತ ಹೊಗೆಯ ಹಾಗೆ ನಿಧಾನ ಸುತ್ತುವುದು ಕಾಣಬಹುದು, ಇದನ್ನು ‘ಸ್ಮೋಕ್’ ಅಂತಲೇ ಕರೆಯುತ್ತಾರೆ. ಡಾಪ್ಲರ್‌ನಲ್ಲಿ ಆ ಚೀಲದ ರಕ್ತದ ವೇಗ ಸೆಕೆಂಡಿಗೆ 20 ಸೆಂ.ಮೀ.ಗಿಂತ ಕೆಳಗಿಳಿದಿದ್ದರೆ ಹುಷಾರಾಗಿರಬೇಕು. ಎಂಆರ್‌ಐ ಕೂಡ ಉಪಯೋಗಕ್ಕೆ ಬರುತ್ತದೆ. ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ ದ್ರವ ಕೊಟ್ಟ ಮೇಲೆ ಅದನ್ನು ಹೀರಿಕೊಂಡ ಸ್ನಾಯು ಬೆಳ್ಳಗಾಗುತ್ತದೆ, ಕ್ಲಾಟ್ ಕಪ್ಪಾಗಿಯೇ ಉಳಿಯುತ್ತದೆ.

ನಾನು ಒತ್ತಿ ಹೇಳಬೇಕಾದ್ದು ಇದು. ಲಯ ಸರಿಪಡಿಸಲು ವಿದ್ಯುತ್ ಶಾಕ್ ಕೊಡುವ ಮುಂಚೆ, ಮೂರು ವಾರ ರಕ್ತ ತೆಳುವಾಗಿಸುವ ಮಾತ್ರೆ ತಪ್ಪದೆ ನುಂಗಿದ್ದರೂ, ಈ ರೋಗಿಗಳಿಗೆ ಟಿಇಇ ಮಾಡಲೇಬೇಕು ಅನ್ನುವುದು ನನ್ನ ಅಭಿಪ್ರಾಯ. 2019ರ ಮೇಯೊ ವರದಿಯಲ್ಲಿ ಶಾಕ್‌ಗೆಂದು ಬಂದ 58 ಅಮೈಲಾಯ್ಡ್ ರೋಗಿಗಳಲ್ಲಿ 16 ಜನರಿಗೆ ಅದನ್ನು ರದ್ದು ಮಾಡಬೇಕಾಯಿತು, 13 ಜನರಲ್ಲಿ ಕಾರಣ ಕ್ಲಾಟ್. ಅವರಲ್ಲಿ ನಾಲ್ವರು ಮಾತ್ರೆಯನ್ನು ಸರಿಯಾಗಿಯೇ ತಗೊಂಡಿದ್ದವರು! ಸುಮ್ನೆ ಶಾಕ್ ಕೊಟ್ಟಿದ್ದರೆ ಆ ಕ್ಲಾಟ್ ಮೆದುಳಿಗೆ ಹಾರಬಹುದಿತ್ತು. ಲಯ ತಪ್ಪಿದ್ದರೆ ಸ್ಟ್ರೋಕ್ ಅಪಾಯ ಅಳೆಯುವ ಸ್ಕೋರ್ ಎಷ್ಟೇ ಕಡಿಮೆ ಇರಲಿ, ಮಾತ್ರೆ ಶುರು ಮಾಡುವುದು ಈಗಿನ ಪದ್ಧತಿ. ಆದರೆ ಎಎಲ್ ಇರುವ ಕೆಲವರಿಗೆ ರಕ್ತ ಹೆಪ್ಪುಗಟ್ಟಲು ಬೇಕಾದ ಹತ್ತನೇ ಫ್ಯಾಕ್ಟರ್ ಕಡಿಮೆಯಾಗಿ ರಕ್ತಸ್ರಾವ ಆಗುವುದೂ ಉಂಟು, ಅದಕ್ಕೇ ಡೋಸ್ ಬಗ್ಗೆ ಹೃದಯದ ಡಾಕ್ಟರೂ ರಕ್ತದ ಡಾಕ್ಟರೂ ಕೂತು ಮಾತಾಡಿಕೊಳ್ಳಬೇಕು.