ವಾರಸುದಾರರು ಯಾರೂ ಇರುವುದಿಲ್ಲ

ಇಪ್ಪತ್ತಾರು ವರ್ಷಗಳಿಂದ ಚಿಕ್ಕಮಗಳೂರಿನಲ್ಲಿ ಪತ್ರ ಬರೆದು ಹೊಟ್ಟೆ ಹೊರೆಯುತ್ತಿದ್ದೇನೆ. ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಹಕ್ಕು ಖುಲಾಸೆ, ಮರಣಶಾಸನ, ಯಾವುದೇ ಇರಲಿ, ಕೊನೆಯ ಪುಟದಲ್ಲಿ ಬಿಕ್ಕಲಂ, ಅಂದರೆ ಪತ್ರ ಬರೆದವನ ಸಹಿ, ಹಾಕಿ ಹಣ ಎಣಿಸಿಕೊಂಡ ಮೇಲೆ ಮರೆತುಬಿಡುವುದು ನಮ್ಮ ಕಸುಬಿನ ಧರ್ಮ. ನೆನಪಿಟ್ಟುಕೊಂಡು ಕುಳಿತರೆ ನಿದ್ದೆ ಬರುವುದಿಲ್ಲ. ಒಂದು ಪತ್ರ ಮಾತ್ರ ನನ್ನನ್ನು ಕಟಕಟೆಯವರೆಗೆ ಎಳೆದುಕೊಂಡು ಹೋಯಿತು. ಅದರಲ್ಲಿ ತಪ್ಪಿದ್ದದ್ದು ಐದೇ ಪದ.

2016ರ ಜುಲೈ. ಪುನರ್ವಸು ಮಳೆ ಬಿಟ್ಟೂ ಬಿಡದೆ ಹೊಯ್ಯುತ್ತಿತ್ತು. ಕೊಡೆಯನ್ನು ಬಾಗಿಲಾಚೆಯೇ ಮಡಚಿ, ಎರಡು ಸಲ ಕೊಡವಿ, ಗೋಡೆಗೆ ಒರಗಿಸಿ ಒಳಗೆ ಬಂದರು ಟೀಚರಮ್ಮ. ಅಷ್ಟರಲ್ಲೇ ಗೊತ್ತಾಯಿತು, ಇವರು ಶಾಲೆಯಲ್ಲಿ ಮಕ್ಕಳ ಕೈಯಲ್ಲಿ ಚಪ್ಪಲಿ ಸಾಲಾಗಿ ಇಡಿಸಿದವರು ಎಂದು. ವಯಸ್ಸು ಎಪ್ಪತ್ತು ದಾಟಿತ್ತು. ಹಳದಿ ಬಟ್ಟೆಯ ಚೀಲದಿಂದ ಒಂದು ಹಳೆಯ ಹಾಜರಿ ಪುಸ್ತಕ ತೆಗೆದರು. ಅದರ ಹಾಳೆಗಳ ನಡುವೆ ಪಹಣಿ, ಇ.ಸಿ. ಎಂಬ ಋಣಭಾರ ಪತ್ರ, ಮನೆಯ ಖಾತೆ, ಬ್ಯಾಂಕ್ ಠೇವಣಿಯ ರಸೀದಿಗಳು, ಎಲ್ಲವೂ ಇಸವಿವಾರು ಜೋಡಿಸಿಟ್ಟಿದ್ದವು. ನಮ್ಮ ಕಚೇರಿಯಲ್ಲಿ ಅಂತಹ ಶಿಸ್ತು ಯಾರೂ ಕಂಡವರಲ್ಲ.

ಮದುವೆಯಾಗಿರಲಿಲ್ಲ. ಅದರಿಂದಲೇ ಅವರಿಗೆ ಜಮೀನು ಸಿಕ್ಕಿತ್ತು ಎಂದರೂ ಸರಿಯೇ. 1994ರಲ್ಲಿ ನಮ್ಮ ರಾಜ್ಯ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂದಾಗ, ಅದಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. ಇವರು ಒಳಗೆ ಉಳಿದರು. ತಮ್ಮನ ಜೊತೆ ವಿಭಾಗಪತ್ರವಾಗಿ ಮಲ್ಲಂದೂರು ಕಡೆ ಎರಡು ಎಕರೆ ಅರೇಬಿಕಾ ತೋಟ, ಇಪ್ಪತ್ತು ಗುಂಟೆ ಗದ್ದೆ ಬಂದಿತ್ತು. ಪೇಟೆಯ ಮನೆ ಸಂಬಳದಲ್ಲಿ ಕಟ್ಟಿಸಿದ್ದು.

ಎಲ್ಲವನ್ನೂ ಒಂದು ಟ್ರಸ್ಟಿಗೆ ಬರೆಯಬೇಕು ಎಂದರು. ತೋಟಗಳ ಕೂಲಿ ಲೈನುಗಳ ಹೆಣ್ಣುಮಕ್ಕಳಿಗೆ ಉಚಿತ ವಿದ್ಯಾರ್ಥಿನಿಲಯ ನಡೆಸುವ ಟ್ರಸ್ಟ್ ಅದು. "ಪ್ರತಿ ವರ್ಷ ಕಾಫಿ ಕುಯ್ಲು ಶುರುವಾದರೆ ನನ್ನ ತರಗತಿಯಲ್ಲಿ ಆರೇಳು ಹುಡುಗಿಯರು ಕಾಣೆ. ಏಳನೆಯ ತರಗತಿ ಮುಗಿದರೆ ಪೂರ್ತಿ ಕಾಣೆ. ಹಾಜರಿ ಹಾಕುವಾಗ ಹೆಸರು ಕೂಗಿ ಕೂಗಿ ಸಾಕಾಗಿದೆಯಪ್ಪ" ಎಂದರು.

ಈಗಲೇ ದಾನಪತ್ರ ಮಾಡಿಬಿಡಿ ಎಂದೆ. ಅದು ಬೇಡ ಎನ್ನುವುದಕ್ಕೆ ಅವರ ಬಳಿ ಕಾರಣ ಸಿದ್ಧವಾಗಿತ್ತು. ದಾನಪತ್ರ ರಿಜಿಸ್ಟರ್ ಆದ ದಿನವೇ ಆಸ್ತಿ ಕೈಬಿಡುತ್ತದೆ, ಹೊರಗಿನವರಿಗೆ ಕೊಡುವುದಾದರೆ ಕ್ರಯದಷ್ಟೇ ಮುದ್ರಾಂಕ ಶುಲ್ಕ. ಮರಣಶಾಸನಕ್ಕೆ ಛಾಪಾ ಕಾಗದವೇ ಬೇಕಿಲ್ಲ, ಉಸಿರಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. "ನನ್ನ ಮನೆಯಲ್ಲಿ ನಾನೇ ಬಾಡಿಗೆದಾರಳಾಗುವುದಿಲ್ಲ" ಎಂದರು. ಓದಿಕೊಂಡೇ ಬಂದಿದ್ದರು. ಒಂದು ಅನುಮಾನ ಮಾತ್ರ ಕೇಳಿದರು. "ಧರ್ಮಕ್ಕೆ ಬರೆದು ವರ್ಷದೊಳಗೆ ಸತ್ತರೆ ವಿಲ್ಲು ಬೀಳುತ್ತದಂತೆ?"

ಪಕ್ಕದ ಮನೆಯ ಕ್ರೈಸ್ತ ಕುಟುಂಬದವರು ಹಾಗೆ ಹೇಳಿದ್ದರಂತೆ. ನಾನು ಕುರ್ಚಿಯಲ್ಲಿ ನೇರವಾಗಿ ಕುಳಿತೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 118ನೇ ಕಲಂ ಅದು, ಹಿಂದೂಗಳಿಗೆ ಎಂದೂ ಅನ್ವಯಿಸಿರಲಿಲ್ಲ, ಕ್ರೈಸ್ತರ ಮಟ್ಟಿಗೂ 2003ರಲ್ಲಿ ಸುಪ್ರೀಂ ಕೋರ್ಟ್ ಸಮಾನತೆಗೆ ವಿರುದ್ಧ ಎಂದು ಹೊಡೆದುಹಾಕಿದೆ ಎಂದು ಒಂದೇ ಉಸಿರಿಗೆ ಹೇಳಿದೆ. ಹೇಳಿ ಮುಗಿಸಿದಾಗ ನನಗೇ ನನ್ನ ಮೇಲೆ ಗೌರವ ಬಂದಿತ್ತು. ಆ ಗೌರವವೇ ಮುಂದಿನ ಅನಾಹುತಕ್ಕೆ ಗೊಬ್ಬರ.

ಗದ್ದೆಯ ವಿಷಯ ಬಂದಾಗ ಅದು ಇನ್ನಷ್ಟು ಬೆಳೆಯಿತು. ಭೂಸುಧಾರಣಾ ಕಾಯ್ದೆಯ 79ಬಿ ಆಗಿನ್ನೂ ಬದುಕಿತ್ತು, 2020ರಲ್ಲಷ್ಟೇ ಅದನ್ನು ಕಿತ್ತುಹಾಕಿದ್ದು. ಟ್ರಸ್ಟುಗಳು ಕೃಷಿ ಜಮೀನು ಇಟ್ಟುಕೊಳ್ಳುವಂತಿರಲಿಲ್ಲ. ಕಾಫಿ ತೋಟಕ್ಕೆ 104ನೇ ಕಲಮಿನ ವಿನಾಯಿತಿ ಇತ್ತು, ಗದ್ದೆಗೆ ಇರಲಿಲ್ಲ. ಹಾಗಾಗಿ ಗದ್ದೆಯನ್ನು ಎಕ್ಸಿಕ್ಯೂಟರ್, ಅಂದರೆ ವಿಲ್ಲನ್ನು ಜಾರಿ ಮಾಡುವವರು, ರೈತರೊಬ್ಬರಿಗೆ ಮಾರಿ ಹಣವನ್ನು ಟ್ರಸ್ಟಿಗೆ ಸೇರಿಸತಕ್ಕದ್ದು ಎಂದು ಬರೆದೆ. ಟ್ರಸ್ಟಿನ ಹೆಸರನ್ನು ಅವರ ಟ್ರಸ್ಟ್ ಡೀಡಿನಲ್ಲಿ ಇದ್ದಂತೆಯೇ, ನೋಂದಣಿ ಸಂಖ್ಯೆ ಸಮೇತ ಹಾಕಿದೆ. ಟ್ರಸ್ಟ್ ಮುಚ್ಚಿಹೋದರೆ ಅದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಎಂಬ ಕಲಮನ್ನೂ ಸೇರಿಸಿದೆ. ಟ್ರಸ್ಟಿಗೆ ಸಂಬಂಧವಿಲ್ಲದ ಇಬ್ಬರು ಸಾಕ್ಷಿಗಳು: ಒಬ್ಬರು ಅವರಿಗೆ ಮಾತ್ರೆ ಬರೆದುಕೊಡುವ ವೈದ್ಯರು, ಇನ್ನೊಬ್ಬರು ನಿವೃತ್ತ ಬ್ಯಾಂಕ್ ಅಧಿಕಾರಿ. ಇಷ್ಟು ಬಿಗಿಯಾದ ವಿಲ್ಲು ಈ ಬೀದಿಯಲ್ಲಿ ಯಾರೂ ಬರೆದಿಲ್ಲ ಎಂದುಕೊಂಡೆ.

ಉಳಿದದ್ದು ಮಾದರಿ. ನನ್ನ ಕಂಪ್ಯೂಟರಿನಲ್ಲಿ 'ಧರ್ಮದ ವಿಲ್' ಎಂಬ ಕಡತವೊಂದಿತ್ತು, ನನ್ನ ಗುರುಗಳು ಟೈಪ್‌ರೈಟರ್ ಕಾಲದಲ್ಲಿ ಬರೆದದ್ದರ ನಕಲು. ಹೆಸರು, ಶೆಡ್ಯೂಲು, ಚಕ್ಕುಬಂದಿ ಬದಲಾಯಿಸಿದರೆ ಕೆಲಸ ಮುಗಿಯಿತು. ಹಳೆಯ ಫಾಂಟಿನದಾದ್ದರಿಂದ ನಡುವೆ ಒಂದು ಸಾಲು ತಿದ್ದಿದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತಿದ್ದವು. ಅದಕ್ಕೇ ನಡುವಿನ ಸಾಲುಗಳನ್ನು ಯಾರೂ ಮುಟ್ಟುತ್ತಿರಲಿಲ್ಲ. ಎಷ್ಟೋ ಜನರ ಕೊನೆಯ ಇಚ್ಛೆ ಫಾಂಟಿನ ಭಯದಿಂದ ಒಂದೇ ತೆರನಾಗಿದೆ ಎಂದರೆ ನೀವು ನಗಬಹುದು.

ನೋಂದಣಿ ದಿನ ಕರಡನ್ನು ಅವರ ಕೈಗೆ ಕೊಟ್ಟೆ. ಟೀಚರಮ್ಮ ಚೀಲದಿಂದ ಕೆಂಪು ಪೆನ್ನು ತೆಗೆದರು. 'ಸ್ವಸ್ತ ಚಿತ್ತದಿಂದ' ಎಂದು ನಾನು ಬರೆದಿದ್ದ ಕಡೆ ತಕ್ಕೆ ಅಡ್ಡಗೆರೆ ಎಳೆದು ಥ ಮಾಡಿದರು. "ನಿನ್ನ ಚಿತ್ತ ಸ್ವಸ್ಥವಾಗಿದೆ ತಾನೆ?" ಎಂದು ನಕ್ಕರು. ಮತ್ತೆರಡು ಅಲ್ಪಪ್ರಾಣ ಮಹಾಪ್ರಾಣಗಳು ಸರಿಹೋದವು. ಆಮೇಲೆ ಪೆನ್ನು ಒಂದು ಕಡೆ ನಿಂತಿತು. 'ನನಗೆ ಹತ್ತಿರದ ವಾರಸುದಾರರು ಯಾರೂ ಇರುವುದಿಲ್ಲ.' ಆ ವಾಕ್ಯದ ಸುತ್ತ ಕೆಂಪು ಸುತ್ತು ಬಿತ್ತು.

"ಇದು ಸುಳ್ಳಲ್ಲವೇನಪ್ಪ?"

"ಅದು ಮಾಮೂಲಿ ವಾಕ್ಯ ಟೀಚರಮ್ಮ. ಎಲ್ಲದರಲ್ಲೂ ಇರುತ್ತದೆ."

"ನನ್ನ ತಮ್ಮನ ಮಗ ಇದ್ದಾನಲ್ಲ. ತಮ್ಮ ಹೋದ ಮೇಲೆ ಅವನ ಇಂಜಿನಿಯರಿಂಗ್ ಓದಿಗೆ ನಾಲ್ಕು ವರ್ಷವೂ ದುಡ್ಡು ಕಟ್ಟಿದ್ದು ನಾನು. ಅವನಿಗೆ ಕೊಡಬೇಕಾದದ್ದು ಕೊಟ್ಟಾಗಿದೆ, ಅವನ ಮೇಲೆ ನನಗೇನೂ ಬೇಸರವಿಲ್ಲ ಎಂದು ಬರೆ."

ಆ ಹೊತ್ತಿಗೆ ಕರೆಂಟು ಬಂದಿತ್ತು. ಬೆಳಗಿನಿಂದ ಕಾದಿದ್ದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಟೋಕನ್ ಕೂಗಲು ಶುರುವಾಗಿತ್ತು. ವೈದ್ಯರು ಬಾಗಿಲಲ್ಲಿ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದರು. ಅವರ ಕ್ಲಿನಿಕ್ಕಿನಲ್ಲಿ ಜ್ವರದ ಸಾಲು. ನಾನು ಮೇಜಿನ ಮೇಲೆ ಬಾಗಿ, ಗುಟ್ಟು ಹೇಳುವವನಂತೆ ಹೇಳಿದೆ: "ಹೆಸರು ಹಾಕಿದರೆ ತಕರಾರು ಮಾಡುವುದಕ್ಕೆ ನಾವೇ ಕರೆದು ಮಣೆ ಹಾಕಿದಂತೆ. ಹಾಕದಿದ್ದರೇ ಕ್ಷೇಮ."

"ಇಲ್ಲ ಎಂದು ಬರೆದರೆ ಇಲ್ಲವಾಗುತ್ತಾನೆಯೇ?" ಎಂದರು. ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ, ನಿನ್ನ ಕಸುಬು ನಿನಗೆ ಗೊತ್ತು ಎಂಬಂತೆ ಪೆನ್ನಿನ ಮುಚ್ಚಳ ಹಾಕಿದರು. ನಾನು ಥಕಾರವೊಂದನ್ನೇ ತಿದ್ದಿ ಪ್ರಿಂಟು ತೆಗೆದೆ. ಕೆಂಪು ಸುತ್ತಿನ ಕರಡು ಆ ವರ್ಷದ ಆಯುಧಪೂಜೆಯ ಸ್ವಚ್ಛತೆಯಲ್ಲಿ ರದ್ದಿಗೆ ಹೋಯಿತು.

ಮೂರು ವರ್ಷ ಕಳೆದು ಅವರು ತೀರಿಕೊಂಡರು. ಟ್ರಸ್ಟಿನವರು ಖಾತೆ ಬದಲಾವಣೆಗೆ ಅರ್ಜಿ ಹಾಕಿದರು, ತಮ್ಮನ ಮಗ ತಕರಾರು ಹಾಕಿದ, ತಹಶೀಲ್ದಾರರು ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಎಂದು ಕೈತೊಳೆದುಕೊಂಡರು. ಠೇವಣಿಗಳ ನಾಮಿನಿ ಅವನೇ ಆಗಿದ್ದ, ಅವನು ಓದುತ್ತಿದ್ದ ಕಾಲದಲ್ಲಿ ಮಾಡಿದ್ದು. ಅದನ್ನು ಬದಲಾಯಿಸಿ ಎಂದು ಹೇಳುವುದೂ ನನಗೆ ಹೊಳೆದಿರಲಿಲ್ಲ. ನಾಮಿನಿ ಎಂದರೆ ಹಣ ಪಡೆಯುವವನೇ ಹೊರತು ಒಡೆಯನಲ್ಲ. ಆದರೆ ಬ್ಯಾಂಕು ಅವನ ಕೈಗೆ ಹಣ ಕೊಟ್ಟಾಗ ಅವನಿಗೆ ಅನ್ನಿಸಿದ್ದು ಸಹಜ: ಠೇವಣಿ ನನಗೆ ಬಿಟ್ಟ ಅತ್ತೆ, ನಾನು ಹುಟ್ಟಿಯೇ ಇಲ್ಲ ಎಂದು ಬರೆಸುತ್ತಾರೆಯೇ? ಇದು ಯಾರೋ ಬರೆಸಿಕೊಂಡದ್ದು.

ದಾವೆ ನಡೆಯಿತು, ಕೋವಿಡ್‌ನಲ್ಲಿ ನಿಂತಿತು, ಮತ್ತೆ ತೆವಳಿತು. ಬ್ಯಾಂಕ್ ಅಧಿಕಾರಿ ಅಷ್ಟರಲ್ಲಿ ಕಾಲವಾಗಿದ್ದರು. ಒಬ್ಬ ಸಾಕ್ಷಿಯಾದರೂ ಬಂದು ನುಡಿದರೆ ಸಾಕು, ವೈದ್ಯರು ಬಂದು ಚೆನ್ನಾಗಿಯೇ ನುಡಿದರು. ಬಿಕ್ಕಲಂ ಹಾಕಿದವನು ಸಾಕ್ಷಿಯ ಲೆಕ್ಕಕ್ಕೆ ಬರುವುದಿಲ್ಲ. ಆದರೂ ಟ್ರಸ್ಟಿನ ವಕೀಲರು, "ನೀವೂ ಒಂದು ಮಾತು ಹೇಳಿಬಿಡಿ, ಬಲ ಬರುತ್ತದೆ" ಎಂದರು. ಹೀಗೆ ನಾನು ಪಿ.ಡಬ್ಲ್ಯು.3, ಅಂದರೆ ವಾದಿಯ ಕಡೆಯ ಮೂರನೆಯ ಸಾಕ್ಷಿ, ಆದೆ.

ಮುಖ್ಯ ವಿಚಾರಣೆ ಸಲೀಸಾಗಿ ಮುಗಿಯಿತು. ಪಾಟಿ ಸವಾಲಿಗೆ ಎದ್ದವರು ನನ್ನಿಂದಲೇ ಎಷ್ಟೋ ಪತ್ರ ಬರೆಸಿಕೊಂಡಿದ್ದ ವಕೀಲರು. ನನ್ನ ಕಡೆ ನೋಡಿ ಸಣ್ಣಗೆ ನಕ್ಕರು. ನಿ.ಪಿ.1 ಎಂದು ಗುರುತು ಹಾಕಿದ್ದ ಆ ವಿಲ್ಲನ್ನು ನನ್ನ ಕೈಗೆ ಕೊಡಿಸಿ ಮೂರನೆಯ ಪುಟದ ಎರಡನೆಯ ಸಾಲು ಓದಿ ಎಂದರು. ಓದಿದೆ. ನನ್ನ ಧ್ವನಿ ನನಗೇ ಬೇರೆಯವರದ್ದೆನ್ನಿಸಿತು.

"ಅಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತವರು ಯಾರೆಂದು ಗೊತ್ತೇ?"

"ಮೃತರ ತಮ್ಮನ ಮಗ."

"ಇರುವವರು?"

"ಇರುವವರು."

ನ್ಯಾಯಾಧೀಶರು ಟೈಪಿಸ್ಟಿಗೆ ಹೇಳಿ ಬರೆಸಿದರು: ನಿ.ಪಿ.1ರಲ್ಲಿ ವಾರಸುದಾರರು ಇಲ್ಲವೆಂದು ಬರೆದಿರುವುದು ವಾಸ್ತವಕ್ಕೆ ವಿರುದ್ಧ ಎಂದರೆ ಸರಿ. ಆ 'ಎಂದರೆ ಸರಿ'ಯ ಕೀಲಿಗಳ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ವಕೀಲರು ನಿಧಾನವಾಗಿ ಮುಂದುವರಿದರು. ಕನ್ನಡ ಕಲಿಸಿದ ಶಿಕ್ಷಕಿ, ಓದಿ ನೋಡಿಯೇ ಸಹಿ ಹಾಕಿದರು ಎನ್ನುತ್ತೀರಿ. ಓದಿದ್ದರೆ ಈ ಸುಳ್ಳಿಗೆ ಸಹಿ ಹಾಕುತ್ತಿದ್ದರೇ? ಹಾಗಾದರೆ ಅವರಿಗೆ ಓದಲು ಕೊಟ್ಟೇ ಇಲ್ಲ ಎಂದರೆ ಸರಿಯೇ?

ಬೆವರು ಕನ್ನಡಕದ ಮೂಗುಪಟ್ಟಿಗೆ ಇಳಿಯಿತು. ಸುಮ್ಮನಿರಬೇಕಿತ್ತು. ನಾನು ಎಲ್ಲವನ್ನೂ ಹೇಳಿಬಿಟ್ಟೆ, ಕೆಂಪು ಸುತ್ತು, ಕಾಲೇಜಿನ ದುಡ್ಡು, ಬೇಸರವಿಲ್ಲ ಎಂಬ ಮಾತು, ಹೆಸರು ಹಾಕಬೇಡಿ ಎಂದ ನನ್ನ ಬುದ್ಧಿವಾದ. ಕೊನೆಯ ಬೆಂಚಿನಲ್ಲಿ ಅವನು ಎದ್ದು ನಿಂತದ್ದು ಕಂಡಿತು.

"ಆ ಕರಡು ಎಲ್ಲಿದೆ?"

"ರದ್ದಿಗೆ ಹೋಯಿತು."

"ಇಷ್ಟು ಅಕ್ಷರಶಃ ನೆನಪಿರುವ ಮಾತನ್ನು ಅವತ್ತು ಪತ್ರದಲ್ಲಿ ಬರೆಯಲು ನಿಮಗೇನು ಅಡ್ಡಿಯಾಗಿತ್ತು?"

ಫಾಂಟು ಎನ್ನಲೇ? ಟೋಕನ್ ಎನ್ನಲೇ? ಎಷ್ಟು ಹೊತ್ತು ಸುಮ್ಮನೆ ನಿಂತಿದ್ದೆನೋ ತಿಳಿಯದು, ನ್ಯಾಯಾಧೀಶರು ಬರೆಸಿದರು: ಸಾಕ್ಷಿ ಉತ್ತರಿಸಲಿಲ್ಲ.

ವಾದದ ದಿನ ಆ ವಕೀಲರು 1959ರ ಎಚ್. ವೆಂಕಟಾಚಲ ಅಯ್ಯಂಗಾರ್ ತೀರ್ಪನ್ನು ಮುಂದಿಟ್ಟರಂತೆ. ನಮ್ಮ ಮೈಸೂರು ಹೈಕೋರ್ಟಿನಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿದ್ದ ವಿಲ್ಲಿನ ಜಗಳ ಅದು. ಸಹಿ, ಸಾಕ್ಷಿ ಸರಿಯಿದ್ದರಷ್ಟೇ ಸಾಲದು, ವಿಲ್ಲಿನ ಸುತ್ತ ಅನುಮಾನವಿದ್ದರೆ ವಿಲ್ಲು ಹಿಡಿದು ಬಂದವರೇ ಅದನ್ನು ಕಳೆಯಬೇಕು ಎಂದು ಅದರಲ್ಲಿ ಹೇಳಿದೆ. ಆ ಅನುಮಾನವನ್ನು ನಾನು ನನ್ನ ಕೈಯಾರೆ ಟೈಪ್ ಮಾಡಿದ್ದೆ. ಟ್ರಸ್ಟಿನವರು ಹೆದರಿದರು. ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ತೋಟ, ಮನೆ ಟ್ರಸ್ಟಿಗೆ. ಗದ್ದೆ, ಠೇವಣಿ ಅವನಿಗೆ. 79ಬಿ ಎಂದು ನಾನು ಅಷ್ಟು ಬುದ್ಧಿ ಖರ್ಚು ಮಾಡಿದ್ದ ಗದ್ದೆ!

ಅದಾಲತ್‌ನ ವರಾಂಡದಲ್ಲಿ ಅವನು ನನ್ನ ಬಳಿ ಬಂದ. ಹೊಡೆಯುತ್ತಾನೇನೋ ಎಂದುಕೊಂಡೆ.

"ಸ್ವಾಮಿ, ಬೇಸರವಿಲ್ಲ ಎಂದು ಅತ್ತೆ ನಿಜವಾಗಿಯೂ ಹೇಳಿದ್ದರೇ?"

"ಹೇಳಿದ್ದರು."

"ಅದೊಂದು ಸಾಲು ಇದ್ದಿದ್ದರೆ ನಾನು ಕೋರ್ಟಿಗೆ ಬರುತ್ತಿರಲಿಲ್ಲ" ಎಂದ. ಅದು ಎಷ್ಟು ನಿಜವೋ ತಿಳಿಯದು. ಠೇವಣಿ ಕೈಗೆ ಬಂದ ಮೇಲೆ ಯಾರೂ ಹಾಗೆ ಹೇಳಬಹುದು. ಆದರೆ ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ, ಮೊಬೈಲಿನ ಕವರನ್ನು ಉಗುರಿನಿಂದ ಕೆರೆಯುತ್ತಿದ್ದ.

'ಧರ್ಮದ ವಿಲ್' ಕಡತವನ್ನು ಅಳಿಸಿಹಾಕಿದೆ. ಅದರಿಂದ ಕಷ್ಟ ಹೆಚ್ಚಿದೆ, ಲಾಭವೇನೂ ಇಲ್ಲ. ಈಗ ಪ್ರತಿಯೊಬ್ಬರಿಗೂ ನಿಮಗೆ ಯಾರು ಯಾರು ಇದ್ದಾರೆ, ಅವರಿಗೆ ಏನು ಕೊಟ್ಟಿದ್ದೀರಿ, ಏಕೆ ಕೊಡುತ್ತಿಲ್ಲ, ನಾಮಿನಿ ಯಾರು ಎಂದು ಕೇಳುತ್ತೇನೆ. ಕೇಳಿದ್ದಕ್ಕೆ ಪಡಬಾರದ ಪಾಡು ಪಡುತ್ತೇನೆ. ಕಳೆದ ತಿಂಗಳು ಊರಿನ ಪ್ರೌಢಶಾಲೆಗೆ ಒಂದು ಎಕರೆ ಬರೆಸಲು ಬಂದ ಗೌಡರು ಮೂವರು ಗಂಡುಮಕ್ಕಳ ಪುರಾಣವನ್ನು ಒಂದೂವರೆ ಗಂಟೆ ಹೇಳಿದರು. ಸರ್ವರ್ ಹೇಗೂ ಕೆಟ್ಟಿತ್ತು, ನಾನು ಬರೆದುಕೊಳ್ಳುತ್ತಲೇ ಹೋದೆ. ಒಂಬತ್ತು ಪುಟವಾಯಿತು. ಓದಿ ಹೇಳಿದೆ: ನನ್ನ ಎರಡನೆಯ ಮಗನು ನನಗೆ ತಿಳಿಸದೆ ಕಣದಿಂದ ಎರಡು ಮೂಟೆ ಮೆಣಸು ಮಾರಿ ಮೋಟಾರ್ ಬೈಕು ಕೊಂಡಿರುತ್ತಾನೆ, ಅದನ್ನು ಅವನ ಪಾಲಿನಲ್ಲಿ ಮುರಿದುಕೊಂಡಿರುತ್ತೇನೆ.

ಗೌಡರು ಕಣ್ಣು ಮುಚ್ಚಿ ಕೇಳಿಸಿಕೊಂಡರು. "ಬೈಕಿನ ನಂಬರೂ ಹಾಕಿ" ಎಂದರು.

ಹಾಕಿದೆ.