ಟಾ ಮೇಲೊಂದು ಏಟು

"ಅಂಕಲ್, ಅದು ಫೋಟೋಗ್ರಾಫರ್ ಅಲ್ಲ. ಫಟಾಗ್ರಫರ್."

ಶನಿವಾರದಿಂದ ಇದೇ ಮಾತು ಕಿವಿಯಲ್ಲಿ ಕೂತಿದೆ. ಮಡಿಕೇರಿಯ ರಾಜಾಸೀಟಿನಲ್ಲಿ ಮಂಜು ಸರಿಯಲಿ ಅಂತ ಕಾಯುತ್ತಿದ್ದೆವು. ಬೆಂಗಳೂರಿನ ಹುಡುಗಿ, ಹತ್ತು ವರ್ಷ ಇರಬಹುದು. ಕಂಬಿಯ ಮೇಲೆ ಬೆರಳಲ್ಲಿ ಕುಟ್ಟಿ ತೋರಿಸಿದಳು. ಫ, ಟಾ, ಗ್ರ, ಫರ್. ಟಾ ಮೇಲೆ ಮಾತ್ರ ಜೋರು ಏಟು. ಕಂಬಿಗೆ ಅಂಟಿದ್ದ ನೀರಹನಿ ಸಿಡಿದು ನನ್ನ ಲೆನ್ಸಿಗೇ ಬಿತ್ತು. ಅವಳದೇನೂ ತಪ್ಪಿಲ್ಲ, ಚೂಟಿ ಮಗು. ಅವಳಮ್ಮ "ಅಂಕಲ್‌ಗೆ ಹಾಗೆಲ್ಲ ಹೇಳಬಾರದು ಪುಟ್ಟಾ" ಅಂತ ನಕ್ಕರಲ್ಲ, ಅದು ಚುಚ್ಚಿತು. ಫೋಟೋನೂ ತೆಗೆಸಲಿಲ್ಲ, ಮೊಬೈಲಿನಲ್ಲೇ ಮುಗಿಸಿದರು.

ಇಪ್ಪತ್ತೆರಡು ವರ್ಷದಿಂದ ಇದೇ ಕಸುಬು. ಕಸುಬಿನ ಹೆಸರೇ ಬಾಯಿಗೆ ಬರಲ್ಲ ಅಂದ್ರೆ?

ಮನೆಗೆ ಬಂದು ಡಿಕ್ಷನರಿ ತೆಗೆದೆ. ಹುಡುಗಿ ಹೇಳಿದ್ದೇ ಸರಿ. ಫೋಟೋಗ್ರಾಫ್ ಅನ್ನುವಾಗ ಒತ್ತು ಫೋ ಮೇಲೆ. ಕೊನೆಗೊಂದು ಅರ್ ಅಂಟಿಸಿದರೆ ಅದು ಟಾ ಮೇಲೆ ಹಾರುತ್ತೆ, ಪಾಪ, ಫೋ ಸೊರಗಿ ಫ ಆಗುತ್ತೆ. ಇಕ್ ಅಂಟಿಸಿ ಫೋಟೋಗ್ರಾಫಿಕ್ ಮಾಡಿದರೆ ಗ್ರಾ ಮೇಲೆ. ಇಕ್ ಬಂದರೆ ಸಾಮಾನ್ಯವಾಗಿ ಅದರ ಹಿಂದಿನದಕ್ಕೇ ಏಟು. ಗ್ರೀಕಿನಿಂದ ಬಂದ ಮಾತು: ಫೋಟೋ ಅಂದ್ರೆ ಬೆಳಕು, ಗ್ರಾಫ್ ಅಂದ್ರೆ ಬರೆಯೋದು. ಅರ್ಥ ನೋಡಿ ಒಡೆದರೆ ಫೋಟೋ, ಗ್ರಾಫ್, ಅರ್ ಅಂತ ಮೂರೇ ತುಂಡು. ಬಾಯಲ್ಲಿ ನಾಲ್ಕು, ಅದೂ ಬೇರೆ ಕಡೆ ಒಡೆಯುತ್ತೆ.

ನಮ್ಮಲ್ಲೂ ಇದೆ, ಅಲ್ವಾ? ಓಂಕಾರ, ಈಶ್ವರ ಸೇರಿ ಓಂಕಾರೇಶ್ವರ. ಗುಣಸಂಧಿ ಅಂತ ಮೇಷ್ಟ್ರು ಬಾಯಿಪಾಠ ಮಾಡಿಸಿದ್ದರು. ಆ ರೇ ಯಾರದು? ಅರ್ಧ ಓಂಕಾರದ್ದು, ಅರ್ಧ ಈಶ್ವರನದು. ಆದರೆ ನಾವು ಅಕ್ಷರಗಳಿಗೆ ಪಂಕ್ತಿಭೇದ ಮಾಡಲ್ಲ. ದೀರ್ಘಕ್ಕೆ ಒಂದು ಮಾತ್ರೆ ಜಾಸ್ತಿ, ಅಷ್ಟೇ. ಇಂಗ್ಲಿಷಿನಲ್ಲಿ ಒಬ್ಬನಿಗೆ ಹೋಳಿಗೆ, ಉಳಿದವರಿಗೆ ಬರೀ ತಿಳಿಸಾರು.

ಬ್ರಿಟಿಷರ ಆ ಬಾಯಿಗೆ ಸಿಕ್ಕಿಯೇ ನಮ್ಮ ಮಡಿಕೇರಿ ಮರ್ಕೇರಾ ಆಗಿರಬೇಕು. ನಾಲ್ಕಕ್ಷರದಲ್ಲಿ ಒಂದನ್ನು ನುಂಗಿಯೇ ಬಿಟ್ಟರು! ಹೀಗೆ ಸಿಟ್ಟು ಮಾಡಿಕೊಳ್ಳುವಾಗ ವಿರಾಜಪೇಟೆ ನೆನಪಾಯಿತು. ರಾಜನ ಹೆಸರಿಟ್ಟ ವೀರರಾಜೇಂದ್ರಪೇಟೆ ಅದು. ಬಸ್ ಹತ್ತುವಾಗ ನಾನಂತೂ ಅಷ್ಟುದ್ದ ಹೇಳಿದ್ದೇ ಇಲ್ಲ. ಸಿಟ್ಟು ಇಳಿಯಿತು.

ರಾತ್ರಿ ಊಟದ ಮೇಜು ಕುಟ್ಟುತ್ತಾ ಕೂತಿದ್ದೆ. "ಏನ್ರೀ ಅದು, ಭಜನೆನಾ?" ಅಂದಳು ಹೆಂಡತಿ.

ಭಾನುವಾರ ಮತ್ತೆ ರಾಜಾಸೀಟು. ಹೊಸದಾಗಿ ಮದುವೆಯಾದ ಜೋಡಿಯೊಂದು ಬಂತು. ಇವತ್ತು ಹೇಳೇಬಿಡೋಣ ಅಂತ ಬಾಯಿ ತೆರೆದೆ. ಫ ಅನ್ನುವಷ್ಟರಲ್ಲಿ ನಾಲಿಗೆ ತಡೆಯಿತು.

"ಫೋಟೋ ಬೇಕಾ ಸಾರ್?" ಅಂದೆ.