ಹೆಡ್‌ಲೈಟ್ ಆರಿದಾಗ ಹೊತ್ತಿದ ನೀಲಿ ದೀಪ

ಬೈಕಿನ ತಕರಾರು ಇಷ್ಟು. ರಾತ್ರಿ ಹೊರಟ ಮೊದಲ ಹದಿನೈದು ನಿಮಿಷ ಬೆಳಕು ಚೆನ್ನಾಗಿರುತ್ತದೆ, ಆಮೇಲೆ ನಿಧಾನಕ್ಕೆ ಹಳದಿಯಾಗುತ್ತದೆ. ಜೊತೆಗೆ ಯಾವುದಾದರೂ ಗುಂಡಿಗೆ ಇಳಿದಾಗ ಅಥವಾ ಎಡಕ್ಕೆ ತಿರುಗುವಾಗ ಹೆಡ್‌ಲೈಟ್ ಪಕ್ಕನೆ ಆರಿ, ಮುಂದಿನ ಗುಂಡಿಗೆ ತಾನಾಗಿ ಹತ್ತಿಕೊಳ್ಳುತ್ತದೆ. ಹಗಲು ಸ್ಟ್ಯಾಂಡ್ ಹಾಕಿ ನೋಡಿದರೆ ಏನೂ ಆಗೇ ಇಲ್ಲವೆನ್ನುವಂತೆ ಉರಿಯುತ್ತದೆ. ಬಲ್ಬ್ ಆಗಲೇ ಎರಡು ಸಲ ಬದಲಾಗಿತ್ತು. ತೆಗೆದಿಟ್ಟ ಎರಡೂ ಹಳೆಯ ಬಲ್ಬ್‌ಗಳ ಫಿಲಮೆಂಟ್ ಗಟ್ಟಿಯಾಗಿಯೇ ಇತ್ತು. ಬಲ್ಬ್‌ನ ತಪ್ಪಿಲ್ಲ ಎನ್ನಲು ಅಷ್ಟೇ ಸಾಕಿತ್ತು, ಆದರೂ ಮೂರನೆಯದಕ್ಕೆ ಕೈ ಹೋಗುವುದು ಎಲ್ಲರ ಚಾಳಿ.

ಬಂದು ಹೋಗುವ ದೋಷದ ಕೆಲಸದಲ್ಲಿ ದೊಡ್ಡ ತಪ್ಪೆಂದರೆ ಅಳತೆಗೆ ಮುಂಚೆಯೇ ಕೈ ಹಾಕುವುದು. ಕನೆಕ್ಟರನ್ನು ಒಮ್ಮೆ ಬಿಚ್ಚಿ ಮತ್ತೆ ಒತ್ತಿದರೆ ಸಾಕು, ಒಳಗಿನ ಕಿಲುಬು ಉಜ್ಜಿ ಹೋಗಿ ಎರಡು ವಾರ ಎಲ್ಲ ಸರಿಯಿರುತ್ತದೆ. ದೋಷ ಹೋಗಿರುವುದಿಲ್ಲ, ಎಲ್ಲಿತ್ತು ಎನ್ನುವ ಸುಳಿವು ಮಾತ್ರ ಅಳಿಸಿಹೋಗಿರುತ್ತದೆ. ಹಾಗಾಗಿ ಅಂದು ಸ್ಪ್ಯಾನರ್‌ಗಿಂತ ಮೊದಲು ವೋಲ್ಟ್ ಅಳೆಯುವ ಮಲ್ಟಿಮೀಟರ್ ಹೊರಬಂತು. ಅದರ ವೈರಿಗೆ ಎರಡು ಮೀಟರ್ ತುಂಡು ಸೇರಿಸಿ, ಮೀಟರನ್ನು ಟ್ಯಾಂಕಿನ ಮೇಲೆ ಟೇಪಿನಿಂದ ಅಂಟಿಸಿದ್ದಾಯಿತು. ಕನೆಕ್ಟರ್ ಬಿಚ್ಚದೆ ಅಳೆಯಲು ತೆಳುವಾದ ಗುಂಡುಪಿನ್ನು ಒಳ್ಳೆಯದು. ಹಿಂಬದಿಯಿಂದ, ವೈರಿನ ಪಕ್ಕದಲ್ಲೇ ತೂರಿಸಿದರೆ ಒಳಗಿನ ಟರ್ಮಿನಲ್ ಮುಟ್ಟುತ್ತದೆ. ವೈರಿನ ಸಿಪ್ಪೆಗೆ ಮಾತ್ರ ಚುಚ್ಚಬಾರದು. ಆ ತೂತಿನಲ್ಲಿ ನೀರು ಹೋಗಿ ಮುಂದಿನ ವರ್ಷದ ದೋಷ ತಯಾರಾಗುತ್ತದೆ.

ವೈರು ಕಡಿದಿಲ್ಲವೆಂದು ಬೀಪ್ ಹೊಡೆದು ಹೇಳುವ ಕಂಟಿನ್ಯುಯಿಟಿ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬಾರದು. ವೈರಿನ ಒಳಗೆ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ ಬೀಪ್ ಎನ್ನುತ್ತದೆ, ಏಕೆಂದರೆ ಅದು ಕಳಿಸುವ ಕರೆಂಟು ತೀರಾ ಅಲ್ಪ. ಹೈ ಬೀಮಿಗೆ 60, ಲೋ ಬೀಮಿಗೆ 55 ವ್ಯಾಟಿನ ಎರಡು ಫಿಲಮೆಂಟ್ ಇರುವ ಎಚ್4 ಬಲ್ಬ್ ಲೋ ಬೀಮಿನಲ್ಲಿ ಎಳೆಯುವುದು ಸುಮಾರು 4.6 ಆಂಪಿಯರ್. ಆದ್ದರಿಂದ ಲೈಟ್ ಉರಿಯುತ್ತಿರುವಾಗಲೇ ಎಲ್ಲೆಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತಿದೆ ಎಂದು ನೋಡಬೇಕು. ಬ್ಯಾಟರಿ ಪ್ಲಸ್‌ನಿಂದ ಬಲ್ಬಿನ ಪ್ಲಸ್ ಕಾಲಿನವರೆಗೆ ಅರ್ಧ ವೋಲ್ಟಿನೊಳಗೆ, ಅರ್ತ್ ಕಡೆ, ಎಂದರೆ ಬಲ್ಬಿನಿಂದ ಬ್ಯಾಟರಿ ಮೈನಸ್ಸಿಗೆ ಮರಳುವ ದಾರಿಯಲ್ಲಿ, 0.2 ವೋಲ್ಟಿನೊಳಗೆ ಇದ್ದರೆ ಆರೋಗ್ಯ. ಇದು ಹೆಡ್‌ಲೈಟ್ ಬ್ಯಾಟರಿಯಿಂದ ಉರಿಯುವ ಗಾಡಿಗಳ ಮಾತು. ಎಂಜಿನ್ ವೇಗಕ್ಕೆ ತಕ್ಕಂತೆ ಬೆಳಕು ಏರಿಳಿಯುವ, ಎಂಜಿನ್ನಿನಲ್ಲಿ ವಿದ್ಯುತ್ ಹುಟ್ಟಿಸುವ ಸ್ಟೇಟರಿನಿಂದ ನೇರವಾಗಿ ಎಸಿ ಪಡೆಯುವ ಹಳೆಯ ಸಣ್ಣ ಗಾಡಿಗಳಲ್ಲಿ ಮೀಟರನ್ನು ಎಸಿಗೆ ತಿರುಗಿಸಿಕೊಳ್ಳಬೇಕು.

ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.9 ವೋಲ್ಟ್. ಚಾರ್ಜಿಂಗ್ ಸರಿಯಿದೆ, ಆ ಕಡೆ ಮತ್ತೆ ತಿರುಗಿ ನೋಡುವುದು ಬೇಡ. ಇಪ್ಪತ್ತು ನಿಮಿಷ ಲೈಟ್ ಉರಿಸಿದ ಮೇಲೆ ಬಲ್ಬಿನ ಕಾಲಿನಲ್ಲಿ 12.6. ಕಳೆದುಹೋದ 1.3 ವೋಲ್ಟಿನಲ್ಲಿ ಕೀ ಸ್ವಿಚ್, ಫ್ಯೂಸ್, ಹೈ-ಲೋ ಬದಲಿಸುವ ಡಿಪ್ಪರ್ ಸ್ವಿಚ್, ಉದ್ದದ ವೈರು ಎಲ್ಲ ಸೇರಿ ತಿಂದದ್ದು 0.4. ಉಳಿದ 0.9 ಒಂದೇ ಕಡೆ, ಬಲ್ಬ್ ಹೋಲ್ಡರಿನ ಒಂದು ಟರ್ಮಿನಲ್ಲಿನಲ್ಲಿ. 0.9 ವೋಲ್ಟನ್ನು 4.6 ಆಂಪಿಯರಿನಿಂದ ಗುಣಿಸಿದರೆ ಸುಮಾರು 4 ವ್ಯಾಟ್. ಕಿರುಬೆರಳಿನ ಉಗುರಿನಷ್ಟು ಹಿತ್ತಾಳೆ ತಗಡಿನಲ್ಲಿ ಅಷ್ಟು ಶಾಖ ಕೂತರೆ ಪ್ಲಾಸ್ಟಿಕ್ ಉಳಿಯುವುದು ಹೇಗೆ? ಹೋಲ್ಡರ್ ಹೊರತೆಗೆದಾಗ ಆ ಮೂಲೆ ಕಂದಾಗಿ ಉಬ್ಬಿತ್ತು, ಟರ್ಮಿನಲ್ ಸ್ಪ್ರಿಂಗ್ ಬಿಗಿ ಕಳೆದುಕೊಂಡು ನೀಲಿಗಟ್ಟಿತ್ತು. ಬಿಸಿಯಾದಷ್ಟೂ ಹಿಡಿತ ಸಡಿಲ, ಸಡಿಲವಾದಷ್ಟೂ ಬಿಸಿ. ಹದಿನೈದು ನಿಮಿಷದ ಮೇಲೆ ಬೆಳಕು ಹಳದಿಯಾಗುತ್ತಿದ್ದದ್ದು ಇದರಿಂದಲೇ. ಇಂಥ ಬಲ್ಬಿನಲ್ಲಿ ವೋಲ್ಟೇಜ್ ಹತ್ತು ಶೇಕಡಾ ಇಳಿದರೆ ಬೆಳಕು ಇಳಿಯುವುದು ಸುಮಾರು ಮೂವತ್ತು ಶೇಕಡಾ. ಇಂಥ ಗಾಡಿಗೆ ಹೆಚ್ಚು ಬೆಳಕು ಬೇಕೆಂದು 100/90 ವ್ಯಾಟಿನ ಬಲ್ಬ್ ಹಾಕುವವರಿದ್ದಾರೆ. ಅದು 8 ಆಂಪಿಯರ್ ದಾಟುತ್ತದೆ, ಹೋಲ್ಡರಿನ ಹಿಂದೆಯೇ ಡಿಪ್ಪರ್ ಸ್ವಿಚ್ಚೂ ಕರಗುತ್ತದೆ.

ಸೆರಾಮಿಕ್ ಹೋಲ್ಡರ್ ಹಾಕಿದ್ದಾಯಿತು. ಹಳದಿ ಬಣ್ಣ ಹೋಯಿತು. ಸುಟ್ಟ ಹೋಲ್ಡರ್ ಕೈಯಲ್ಲಿ ಹಿಡಿದಾಗ ಕಳ್ಳ ಸಿಕ್ಕಿಬಿದ್ದ ಎನ್ನಿಸುವುದು ಸಹಜ, ಹೆಚ್ಚಿನ ರಿಪೇರಿಗಳು ನಿಲ್ಲುವುದೂ ಇಲ್ಲಿಯೇ. ಆದರೆ ಗುಂಡಿಗೆ ಆರಿ ಗುಂಡಿಗೆ ಹತ್ತುವ ಚಾಳಿ ಬಿಸಿಯಿಂದ ಬಂದದ್ದಲ್ಲ. ಮತ್ತೆ ರಸ್ತೆಗೆ ಇಳಿದಾಗ ಎರಡನೆಯ ತಿರುವಿನಲ್ಲೇ ಲೈಟ್ ಆರಿತು. ಮೀಟರ್ ಬೋರ್ಡಿನಲ್ಲಿ ಆಗ ಒಂದು ವಿಚಿತ್ರ ಕಂಡಿತು. ಸ್ವಿಚ್ ಲೋ ಬೀಮಿನಲ್ಲಿದೆ, ಹೆಡ್‌ಲೈಟ್ ಪೂರ್ತಿ ಆರಿದೆ, ಆದರೆ ಹೈ ಬೀಮಿನ ನೀಲಿ ದೀಪ ಹೊತ್ತಿದೆ!

ಈ ನೀಲಿ ದೀಪ ಅರ್ಧ ಕೆಲಸ ಮುಗಿಸಿಕೊಟ್ಟಿತು. ಎಚ್4 ಬಲ್ಬಿನ ಎರಡೂ ಫಿಲಮೆಂಟಿಗೆ ಅರ್ತ್ ಕಾಲು ಒಂದೇ. ಆ ಅರ್ತ್ ಕಡಿದರೆ ಲೋ ಫಿಲಮೆಂಟಿನಿಂದ ಬಂದ ಕರೆಂಟು ಹೈ ಫಿಲಮೆಂಟಿನೊಳಗೆ ಹಿಂದುಮುಂದಾಗಿ ನುಗ್ಗಿ, ಹೈ ಬೀಮ್ ವೈರು ಹಿಡಿದು, ನೀಲಿ ದೀಪದ ಮೂಲಕ ಅದರ ಅರ್ತಿಗೆ ಇಳಿಯುತ್ತದೆ. 1.7 ವ್ಯಾಟಿನ ಆ ಪುಟ್ಟ ದೀಪದ ರೆಸಿಸ್ಟೆನ್ಸ್ ಉರಿಯುವಾಗ 85 ಓಮ್‌ನಷ್ಟು, ತಣ್ಣನೆಯ ಫಿಲಮೆಂಟ್‌ಗಳದ್ದು ಒಂದು ಓಮ್ ಕೂಡ ಇಲ್ಲ. ಹಾಗಾಗಿ ವೋಲ್ಟೇಜ್ ಎಲ್ಲ ಪುಟ್ಟದರ ಪಾಲಿಗೆ. ಪ್ಲಸ್ ಕಡೆ ಕಡಿದಿದ್ದರೆ ನೀಲಿ ದೀಪ ಹೊತ್ತಲು ದಾರಿಯೇ ಇಲ್ಲ. ಸ್ವಿಚ್, ರಿಲೇ, ಫ್ಯೂಸ್ ಎಲ್ಲ ಒಂದೇ ಏಟಿಗೆ ಪಟ್ಟಿಯಿಂದ ಹೊರಗೆ. ಹೈ ಬೀಮಿನಲ್ಲಿ ಓಡಿಸುತ್ತಿದ್ದರೆ ನೀಲಿ ದೀಪ ಹೇಗೂ ಉರಿಯುತ್ತಿರುವುದರಿಂದ ಈ ಸುಳಿವು ಕಾಣುತ್ತಲೇ ಇರಲಿಲ್ಲ. ಮೀಟರ್ ಬೋರ್ಡಿನ ಅರ್ತೂ ಅದೇ ವೈರಿನಲ್ಲಿದ್ದರೆ ಲಕ್ಷಣ ಬೇರೆ: ಇಂಡಿಕೇಟರ್ ಹಾಕಿದಾಗ ಸಂಬಂಧವಿಲ್ಲದ ದೀಪಗಳೂ ಜೊತೆಗೆ ಮಿಟುಕುತ್ತವೆ.

ಆಮೇಲೆ ಮೀಟರಿನ ಒಂದು ಪಿನ್ನು ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಬಲ್ಬಿನ ಅರ್ತ್ ಟರ್ಮಿನಲ್ಲಿಗೆ. ಹ್ಯಾಂಡಲ್ ನೇರವಾಗಿದ್ದಾಗ 0.15. ಬಲಕ್ಕೆ ಪೂರ್ತಿ ತಿರುಗಿಸಿದರೂ ಅಷ್ಟೇ. ಎಡಕ್ಕೆ ತಿರುಗಿಸುತ್ತಾ ಹೋದಂತೆ 0.4, 1.1, ಕೊನೆಯ ಎರಡು ಬೆರಳಿನಷ್ಟು ತಿರುವಿನಲ್ಲಿ ಒಮ್ಮೆಗೇ 12ರ ಮೇಲೆ. ಕಡಿದ ಜಾಗ ಹ್ಯಾಂಡಲ್ಲಿಗೂ ಫ್ರೇಮಿಗೂ ನಡುವೆ, ವೈರು ಮಡಿಯುವಲ್ಲಿ.

ಸ್ಟೀರಿಂಗ್ ಹೆಡ್ ಪಕ್ಕದಲ್ಲಿ ವೈರುಗಳ ಕಟ್ಟನ್ನು ಒಂದು ಕೇಬಲ್ ಟೈ ಕತ್ತು ಹಿಚುಕಿದ ಹಾಗೆ ಬಿಗಿದಿತ್ತು. ಪ್ರತಿ ತಿರುವಿಗೂ ವೈರು ಅದೇ ಬಿಂದುವಿನಲ್ಲಿ ಮಡಿದು ಎಳೆಗಳು ಒಂದೊಂದಾಗಿ ತುಂಡಾಗಿದ್ದವು. ಹೊರಗಿನ ಸಿಪ್ಪೆಗೆ ಗೀರೂ ಇಲ್ಲ. ಇಂಥದ್ದನ್ನು ಕಣ್ಣಿಂದ ಹುಡುಕಲಾಗದು, ಎರಡೂ ಕಡೆ ಹಿಡಿದು ಮೆಲ್ಲಗೆ ಎಳೆಯಬೇಕು. ತಾಮ್ರ ಗಟ್ಟಿಯಿದ್ದಲ್ಲಿ ವೈರು ಜಗ್ಗುವುದಿಲ್ಲ, ತುಂಡಾದಲ್ಲಿ ಸಿಪ್ಪೆ ರಬ್ಬರಿನಂತೆ ಹಿಗ್ಗಿ ಸಣ್ಣದಾಗುತ್ತದೆ. ಸೀಳಿ ನೋಡಿದಾಗ ಪೂರ್ತಿ ಉಳಿದ ಎಳೆ ಒಂದೂ ಇರಲಿಲ್ಲ, ತುಂಡಾದ ತುದಿಗಳು ಬರೀ ತಾಗಿಕೊಂಡಿದ್ದವು, ಸುತ್ತ ಹಸಿರು ಪುಡಿ.

ದುರಸ್ತಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ತಾಮ್ರ ಹೊಳೆಯುವವರೆಗೆ ಕತ್ತರಿಸಿದರೆ ಎರಡೂ ಕಡೆ ಸೇರಿ 8 ಸೆಂಟಿಮೀಟರ್ ಹೋಯಿತು. ಅಲ್ಲಿಗೆ 1.5 ಚದರ ಮಿಲಿಮೀಟರಿನ ಬಹುಎಳೆ ವೈರು, ಅದೂ 12 ಸೆಂಟಿಮೀಟರ್, ತಿರುವಿಗೆ ಸಡಿಲ ಇರಲೆಂದು. ಜೋಡಣೆಗೆ ಬೆಸುಗೆಯ ಬದಲು ಒತ್ತಿ ಬಿಗಿಯುವ ಕ್ರಿಂಪ್ ತೋಳು, ಅದರ ಮೇಲೆ ಬಿಸಿಗೆ ಕುಗ್ಗಿ ಹಿಡಿಯುವ, ಒಳಮೈಯಲ್ಲಿ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ. ಬೆಸುಗೆ ಎಳೆಗಳ ನಡುವೆ ಏರಿ ವೈರನ್ನು ಕಡ್ಡಿ ಮಾಡುತ್ತದೆ, ಅಲುಗಾಡುವ ಜಾಗದಲ್ಲಿ ಆ ಕಡ್ಡಿಯ ತುದಿಯಲ್ಲೇ ಮತ್ತೆ ಕಡಿಯುತ್ತದೆ. ಜೋಡಣೆ ಮಡಿಕೆಯಲ್ಲಿ ಬರದಂತೆ ಅತ್ತಿತ್ತ ಸರಿಸಬೇಕು. ಅರ್ತ್ ರಿಂಗ್ ಫ್ರೇಮಿಗೆ ಕೂರುವಲ್ಲಿ ಪೇಂಟ್ ಕೆರೆದು, ಸ್ಟಾರ್ ವಾಷರ್ ಇಟ್ಟು ಬಿಗಿದು, ಆಮೇಲೆ ಗ್ರೀಸ್ ಸವರಿದ್ದು. ಹೊಸ ಕೇಬಲ್ ಟೈ ಒಳಗೆ ಕಟ್ಟಿನ ಜೊತೆ ಒಂದು ಬೆರಳು ತೂರುವಷ್ಟು ಜಾಗ.

ಹ್ಯಾಂಡಲ್ಲನ್ನು ಎಡ ಕೊನೆಯಿಂದ ಬಲ ಕೊನೆಯವರೆಗೆ ಇಪ್ಪತ್ತು ಸಲ ತಿರುಗಿಸಿದರೂ ಮೀಟರ್ 0.06 ಬಿಟ್ಟು ಕದಲಲಿಲ್ಲ. ರಸ್ತೆಯಲ್ಲಿ, ಅದೇ ಎಡ ತಿರುವಿನಲ್ಲಿ, ನೀಲಿ ದೀಪ ಆರಿಯೇ ಇತ್ತು.